ಬಿತ್ತಿದ್ದೊಂದು, ಎಲೆ ಇನ್ನೊಂದು: ಬೇರೆ ಥರದ ಟೊಮೆಟೊ ಸಸಿಯನ್ನು ಇಟ್ಟುಕೊಳ್ಳೋದಾ, ಕೀಳೋದಾ?

ಟೊಮೆಟೊ ಬಿತ್ತುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಂದೇ ಪೊಟ್ಟಣದ ಬೀಜ, ಒಂದೇ ಟ್ರೇ, ಒಂದೇ ಮಣ್ಣು. ಎಲ್ಲ ಸಸಿಗಳ ಎಲೆಯ ಅಂಚಿಗೂ ಹಲ್ಲುಹಲ್ಲಾದ ಕಚ್ಚು ಇದೆ. ಒಂದರ ಎಲೆ ಮಾತ್ರ ಅಗಲವಾಗಿ, ನುಣುಪು ಅಂಚಿನಲ್ಲಿ, ಥೇಟ್ ಆಲೂಗಡ್ಡೆ ಗಿಡದ ಎಲೆಯಂತಿದೆ. ಅಥವಾ ಉಳಿದವು ಸರಸರ ಎತ್ತರಕ್ಕೆ ಹೋಗುತ್ತಿದ್ದರೆ ಒಂದು ಕುಳ್ಳಗೆ, ಕಡು ಹಸಿರಾಗಿ, ಸುಕ್ಕುಸುಕ್ಕಾಗಿ ಕೂತಿದೆ. ಇಲ್ಲವೇ ಎಲೆ ಸಣ್ಣಗೆ ಸೀಳಿಕೊಂಡು ಕ್ಯಾರೆಟ್ ಸೊಪ್ಪಿನಂತೆ ಕಾಣುತ್ತಿದೆ. ಕೀಳೋಣವೆಂದರೆ ಮನಸ್ಸು ಬರುವುದಿಲ್ಲ, ಇಡೋಣವೆಂದರೆ ಅನುಮಾನ.

ಇಲ್ಲಿ ಐದು ದಾರಿಗಳಿವೆ. ಕಿತ್ತು ಹಾಕಿ ಮತ್ತೆ ಬಿತ್ತುವುದು. ದೂರ ಇಟ್ಟು ಸ್ವಲ್ಪ ದಿನ ಕಾಯುವುದು. ಉಳಿದವುಗಳ ಜೊತೆಗೇ ನೆಟ್ಟು ಹಣ್ಣು ತಿನ್ನುವುದು. ಅದರ ಬೀಜ ಹಿಡಿದು ಹೊಸ ತಳಿಯ ಕಡೆಗೆ ಹೋಗುವುದು. ಕೊನೆಯದು, ಬೀಜದ ಗೊಡವೆಯೇ ಬೇಡವೆಂದು ಚಿಗುರು ನೆಟ್ಟು ಅದೇ ಗಿಡವನ್ನು ಮುಂದುವರಿಸುವುದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಸಿಗೆ ಕಾಯಿಲೆ ಇಲ್ಲದಿದ್ದರೆ ಅದನ್ನು ಉಳಿಸಿಕೊಂಡರೆ ಹೋಗುವುದು ಒಂದು ಗಿಡದ ಜಾಗ, ಅಷ್ಟೇ. ನಿಜವಾದ ತೊಂದರೆ ಶುರುವಾಗುವುದು ಅದರ ಬೀಜವನ್ನು ಹಳೇ ಹೆಸರಿನ ಪೊಟ್ಟಣದಲ್ಲಿ ಹಾಕಿಟ್ಟಾಗ. ಹಾಗಾಗಿ "ಇಡಲೋ ಕೀಳಲೋ" ಅನ್ನುವುದಕ್ಕಿಂತ "ಇದರಿಂದ ನನಗೆ ಬೇಕಿರುವುದು ಹಣ್ಣೋ, ಬೀಜವೋ" ಎಂದು ಕೇಳಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ.

ಯಾವುದನ್ನು ನೋಡಿ ತೀರ್ಮಾನಿಸಬೇಕು

ನಾಲ್ಕು ವಿಷಯ ನೋಡಿ. ಒಂದು, ಇದು ಹುಟ್ಟುಗುಣವೋ ಕಾಯಿಲೆಯೋ. ಎರಡು, ಎಷ್ಟು ಸಸಿ ಬೇರೆಯಾಗಿವೆ, ಮತ್ತು ಯಾವ ಥರದ ತಳಿಯಲ್ಲಿ ಯಾವ ಥರದ ಎಲೆ ಬಂದಿದೆ. ಮೂರು, ಮುಂದೆ ಬೀಜ ಹಿಡಿಯುತ್ತೀರೋ ಇಲ್ಲವೋ. ನಾಲ್ಕು, ನಿಮ್ಮ ಹತ್ತಿರ ಜಾಗ ಎಷ್ಟಿದೆ, ಹಂಗಾಮು ಎಷ್ಟು ಉಳಿದಿದೆ.

ಕೊನೆಯ ಎರಡು ನಿಮಗೇ ಗೊತ್ತಿರುವ ಸಂಗತಿಗಳು. ಮೊದಲ ಎರಡರಲ್ಲೇ ಜನ ಎಡವುವುದು.

ಹುಟ್ಟುಗುಣವೋ, ಕಾಯಿಲೆಯೋ

ಅವಸರ ಬೇಡ. ಮೊಳಕೆ ಬಂದಾಗ ಕಾಣುವ ಎರಡು ಉದ್ದ ಎಲೆಗಳು ಬೀಜದೆಲೆಗಳು. ಅವು ತಳಿಯ ಎಲೆಯ ಆಕಾರದ ಬಗ್ಗೆ ಏನೂ ಹೇಳುವುದಿಲ್ಲ. ಆಮೇಲೆ ಬರುವ ಮೊದಲ ಒಂದೆರಡು ನಿಜ ಎಲೆಗಳೂ ಮೋಸ ಮಾಡಬಹುದು. ಹಲ್ಲಿನ ಅಂಚಿನ ತಳಿಗಳಲ್ಲೂ ಆ ಎಲೆಗಳು ಕೆಲವೊಮ್ಮೆ ಸುಮಾರು ನುಣುಪಾಗಿಯೇ ಇರುತ್ತವೆ. ನಾಲ್ಕನೆಯದೋ ಐದನೆಯದೋ ಎಲೆ ಬಿಚ್ಚುವವರೆಗೆ ಹೆಸರಿಡಬೇಡಿ.

ಹುಟ್ಟುಗುಣಕ್ಕೆ ಒಂದು ಲಕ್ಷಣವಿದೆ. ಅದು ಶುರುವಿನಿಂದಲೇ ಇರುತ್ತದೆ, ಎಲ್ಲ ಎಲೆಗಳಲ್ಲೂ ಒಂದೇ ಥರ ಇರುತ್ತದೆ, ಎಲೆಯ ಎಡಕ್ಕೂ ಬಲಕ್ಕೂ ಸಮನಾಗಿರುತ್ತದೆ. ಸಸಿ ತನ್ನ ಪಾಡಿಗೆ ಚೆನ್ನಾಗಿ ಬೆಳೆಯುತ್ತಿರುತ್ತದೆ. ಕಾಯಿಲೆ ಹಾಗಲ್ಲ. ಕೆಳಗಿನ ಎಲೆ ಸರಿಯಾಗಿದ್ದು ಮೇಲಿನ ಚಿಗುರು ಇದ್ದಕ್ಕಿದ್ದಂತೆ ತಿರುಚಿಕೊಳ್ಳುತ್ತದೆ. ಒಂದು ಎಲೆ ಒಂದು ಥರ, ಇನ್ನೊಂದು ಇನ್ನೊಂದು ಥರ. ವಾರ ಕಳೆದರೆ ಪಕ್ಕದ ಸಸಿಗೂ ಅದೇ ಗತಿ.

ಎಲೆಯ ಆಕಾರ ಕೆಡಿಸುವ ಕಾರಣಗಳಲ್ಲಿ ಜಾಸ್ತಿ ಗೊಂದಲ ಮಾಡುವವು ಇವು.

ಎಲೆ ಮುದುಡು ರೋಗ. ಬಿಳಿನೊಣ ಹರಡುವ ವೈರಸ್ ಇದಕ್ಕೆ ಕಾರಣ. ಹೊಸ ಎಲೆ ಚಿಕ್ಕದಾಗಿ, ಮೇಲ್ಮುಖವಾಗಿ ಬಟ್ಟಲಿನಂತೆ ಮುದುಡುತ್ತದೆ, ಅಂಚು ಹಳದಿಯಾಗುತ್ತದೆ, ಗಿಡ ಅಲ್ಲೇ ಕುಗ್ಗಿ ನಿಲ್ಲುತ್ತದೆ. ಕುಳ್ಳ ತಳಿಯ ಸಸಿ ಕೂಡ ಗಿಡ್ಡವೇ. ಆದರೆ ಅದರ ಎಲೆ ಕಡು ಹಸಿರು, ಕಾಂಡ ದಪ್ಪ. ಬಣ್ಣ ನೋಡಿದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ.

ಮೊಸಾಯಿಕ್ ವೈರಸ್‌ಗಳು. ಇವುಗಳಲ್ಲಿ ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರಿನ ಮಚ್ಚೆ ಬೀಳುತ್ತದೆ. ಸೌತೆ ಮೊಸಾಯಿಕ್ ವೈರಸ್ ತಗುಲಿದರೆ ಎಲೆ ದಾರದಷ್ಟು ಸಪೂರವಾಗುವುದೂ ಉಂಟು. ಸೀಳು ಎಲೆಯ ಅಪರೂಪದ ತಳಿ ಸಿಕ್ಕಿತೆಂದು ಖುಷಿಪಡುವವರು ಮೊದಲು ಇದನ್ನು ಯೋಚಿಸಬೇಕು. ತಂಬಾಕು ಮೊಸಾಯಿಕ್ ಮತ್ತು ಅದರ ನೆಂಟ ವೈರಸ್‌ಗಳು ಬೀಜದ ಸಿಪ್ಪೆಯ ಮೇಲೂ ಉಳಿಯುತ್ತವೆ, ಕೈಯಿಂದಲೂ ಹರಡುತ್ತವೆ. 2015ರಲ್ಲಿ ಜೋರ್ಡಾನ್‌ನ ಹಸಿರುಮನೆ ಟೊಮೆಟೊಗಳಲ್ಲಿ ಗುರುತಿಸಿದ ಟೊಮೆಟೊ ಬ್ರೌನ್ ರೂಗೋಸ್ ಫ್ರೂಟ್ ವೈರಸ್ ಇದೇ ಗುಂಪಿನದು. ಮೊಸಾಯಿಕ್‌ಗೆ ಜಗ್ಗದ ಹಾಗೆ ಬೆಳೆಸಿದ ತಳಿಗಳನ್ನೂ ಅದು ಬಿಡುವುದಿಲ್ಲ.

ಕಳೆನಾಶಕ. ಇದನ್ನು ಯಾರೂ ಮೊದಲು ಊಹಿಸುವುದಿಲ್ಲ. 2,4-ಡಿ ಥರದ ಕಳೆನಾಶಕದ ಗಾಳಿ ತಾಗಿದರೂ ಟೊಮೆಟೊ ಚಿಗುರು ಜರೀಗಿಡದಂತೆ ಸುರುಳಿಯಾಗುತ್ತದೆ. ಅಮಿನೋಪೈರಾಲಿಡ್ ಎಂಬುದು ಇನ್ನೂ ಹಟಮಾರಿ. ಅದನ್ನು ಸಿಂಪಡಿಸಿದ ಹುಲ್ಲನ್ನು ದನ ತಿಂದರೂ ಅದು ಸಗಣಿಯಲ್ಲಿ ಉಳಿದು ಗೊಬ್ಬರಕ್ಕೆ ಬರುತ್ತದೆ. ಟ್ರೇ ತುಂಬ ಸಸಿಗಳ ಚಿಗುರು ಒಟ್ಟಿಗೇ ಹೀಗಾದರೆ ಬೀಜವನ್ನು ಬೈಯಬೇಡಿ. ಅದೇ ಮಣ್ಣಿನಲ್ಲಿ ನಾಲ್ಕು ಹುರುಳಿಕಾಯಿ ಬೀಜ ಹಾಕಿ ನೋಡಿ. ಅದರ ಎಲೆಯೂ ತಿರುಚಿದರೆ ತಪ್ಪು ಮಣ್ಣಿನದು.

ಇನ್ನು ಚಿಕ್ಕಪುಟ್ಟವು. ಚಳಿಗೆ, ರಂಜಕ ಸಾಲದಿದ್ದಾಗ ಎಲೆಯ ಕೆಳಭಾಗ ನೇರಳೆಯಾಗುತ್ತದೆ. ಬಿಸಿಲು ಜೋರಾದರೆ, ನೀರು ಹೆಚ್ಚುಕಮ್ಮಿಯಾದರೆ ಎಲೆ ಸುರುಳಿಯಾಗುತ್ತದೆ. ನುಸಿ ಬಿದ್ದರೆ ಚಿಗುರು ಗಟ್ಟಿಯಾಗಿ ಮುರುಟುತ್ತದೆ. ಬೀಜದ ಸಿಪ್ಪೆ ಕಳಚದೆ ಬೀಜದೆಲೆಗೆ ಅಂಟಿಕೊಂಡಿದ್ದರೆ ಅದೂ ಸೊಟ್ಟಗಾಗುತ್ತದೆ. ಇವು ಯಾವುವೂ ಮುಂದಿನ ಪೀಳಿಗೆಗೆ ಹೋಗುವುದಿಲ್ಲ.

ಲೆಕ್ಕ ಇರುವುದು ಇಲ್ಲಿ

ಆರೋಗ್ಯವಾಗಿದೆ, ಹುಟ್ಟುಗುಣವೇ ಅಂತ ಖಾತ್ರಿಯಾಯಿತು ಅನ್ನೋಣ. ಈಗ ಎಲೆಯ ಹಿಂದಿನ ಕಥೆ ಓದಬೇಕು. ಸುಮ್ನೆ "ಕ್ರಾಸ್ ಆಗಿದೆ" ಅಂದುಬಿಟ್ಟರೆ ಸಾಲದು. ಯಾವಾಗ ಆಯಿತು ಅನ್ನುವುದರ ಮೇಲೆ ನಿಮ್ಮ ನಿರ್ಧಾರ ನಿಂತಿದೆ.

ಆಲೂಗಡ್ಡೆ ಎಲೆ ಅನ್ನುವುದು ಒಂದೇ ಜೀನ್‌ನ ಆಟ. ಆ ಗುಣ ಅಡಗಿ ಕೂರುವಂಥದ್ದು. ತಂದೆಯಿಂದಲೂ ತಾಯಿಯಿಂದಲೂ, ಎರಡೂ ಕಡೆಯಿಂದ ಬಂದರೆ ಮಾತ್ರ ಎಲೆಯಲ್ಲಿ ಕಾಣುತ್ತದೆ. ಒಂದೇ ಕಡೆಯಿಂದ ಬಂದರೆ ಎಲೆ ಮಾಮೂಲಿ ಹಲ್ಲಿನ ಅಂಚಿನದೇ ಆಗಿರುತ್ತದೆ. ಇಷ್ಟು ನೆನಪಿಟ್ಟರೆ ಎರಡು ಸಂದರ್ಭಗಳು ಬೇರೆಬೇರೆಯಾಗಿ ನಿಲ್ಲುತ್ತವೆ.

ಮೊದಲನೆಯದು: ಆಲೂಗಡ್ಡೆ ಎಲೆಯ ತಳಿ ಬಿತ್ತಿದ್ದೀರಿ. ಬ್ರಾಂಡಿವೈನ್ ಅಂದುಕೊಳ್ಳಿ, ಸ್ಟುಪಿಸೆ ಅಂದುಕೊಳ್ಳಿ. ಅದರಲ್ಲಿ ಒಂದು ಸಸಿಗೆ ಹಲ್ಲಿನ ಎಲೆ ಬಂದಿದೆ. ಬೇರೆ ಬೀಜ ಬೆರೆತಿರಬಹುದು. ಇಲ್ಲದಿದ್ದರೆ ತಾಯಿ ಗಿಡದ ಹೂವಿಗೆ ಹೊರಗಿನ ಪರಾಗ ಬಿದ್ದಿದೆ. ಅಂದರೆ ಇದು ಮೊದಲ ತಲೆಮಾರಿನ ಸಂಕರ, ಬೀಜದವರ ಭಾಷೆಯಲ್ಲಿ ಎಫ್1.

ಎರಡನೆಯದು: ಹಲ್ಲಿನ ಎಲೆಯ ತಳಿ ಬಿತ್ತಿದ್ದೀರಿ. ಅದರಲ್ಲಿ ಆಲೂಗಡ್ಡೆ ಎಲೆ ಬಂದಿದೆ. ಇದನ್ನು ಕಳೆದ ಹಂಗಾಮಿನ ದುಂಬಿಯ ತಲೆಗೆ ಕಟ್ಟಲಾಗದು. ತಾಯಿ ಶುದ್ಧವಾಗಿದ್ದರೆ ಹೊರಗಿನ ಯಾವ ಪರಾಗ ಬಿದ್ದರೂ ಮಕ್ಕಳಿಗೆಲ್ಲ ಹಲ್ಲಿನ ಎಲೆಯೇ ಬರಬೇಕಿತ್ತು. ಬೀಜ ಬೆರೆತಿಲ್ಲವೆಂದಾದರೆ, ತಾಯಿಯೇ ಆ ಗುಣವನ್ನು ಒಳಗೆ ಇಟ್ಟುಕೊಂಡಿತ್ತು. ಸಂಕರ ಆಗಿದ್ದು ಅದಕ್ಕೂ ಹಿಂದೆ.

ಈ ಎರಡನೇ ಸಂದರ್ಭ ಬೀಜ ಹಿಡಿಯುವವರಿಗೆ ದೊಡ್ಡ ತಲೆನೋವು. ತಾಯಿ ಸಂಕರವಾಗಿದ್ದರೆ ಮಕ್ಕಳಲ್ಲಿ ಸುಮಾರು ಕಾಲು ಭಾಗ ಆಲೂಗಡ್ಡೆ ಎಲೆಯವು. ಅವನ್ನು ಕಿತ್ತರೆ ಸಾಲು ಶುದ್ಧವಾಯಿತು ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. ಉಳಿದ ಹಲ್ಲಿನ ಎಲೆಯ ಸಸಿಗಳಲ್ಲಿ ಪ್ರತಿ 3ರಲ್ಲಿ 2 ಆ ಗುಣವನ್ನು ಒಳಗೆ ಹೊತ್ತಿರುತ್ತವೆ. ಎಲೆ ನೋಡಿ ಅವನ್ನು ಹೆಕ್ಕಲು ಸಾಧ್ಯವಿಲ್ಲ. ಎಲೆಯದೊಂದೇ ಅಲ್ಲ, ಹಣ್ಣಿನ ಬಣ್ಣ, ಗಾತ್ರ, ರುಚಿಯ ಗುಣಗಳೂ ಆ ಟ್ರೇಯಲ್ಲಿ ಚದುರಿಹೋಗಿರುತ್ತವೆ.

ಮೊದಲ ಸಂದರ್ಭ ಅಷ್ಟು ಕಷ್ಟದ್ದಲ್ಲ. ಹಲ್ಲಿನ ಎಲೆಯ ಸಸಿಯನ್ನು ತೆಗೆದರೆ ಆ ಸಂಕರ ಹೋಯಿತು. ಇದೇ ಕಾರಣಕ್ಕೆ ತಳಿ ಬೆಳೆಸುವವರು ಎರಡು ತಳಿ ಕೂಡಿಸುವಾಗ ಆಲೂಗಡ್ಡೆ ಎಲೆಯದನ್ನು ತಾಯಿಯಾಗಿ ಇಟ್ಟುಕೊಳ್ಳಲು ಇಷ್ಟಪಡುತ್ತಾರೆ. ಸಸಿಗೆ ಹಲ್ಲಿನ ಎಲೆ ಬಂದರೆ ಸಂಕರ ಗೆದ್ದಿತೆಂದು ಹಣ್ಣು ಬರುವ ಮುಂಚೆಯೇ ಗೊತ್ತಾಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಹೊರಗಿನ ಪರಾಗವೂ ಇನ್ನೊಂದು ಆಲೂಗಡ್ಡೆ ಎಲೆಯ ತಳಿಯದಾಗಿದ್ದರೆ ಎಲೆ ಏನನ್ನೂ ಹೇಳುವುದಿಲ್ಲ.

ಇಷ್ಟಕ್ಕೂ ಟೊಮೆಟೊ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಈಗಿನ ಬಹುತೇಕ ತಳಿಗಳಲ್ಲಿ ಹೂವಿನ ಹೆಣ್ಣುಭಾಗದ ತುದಿ ಪರಾಗದ ಕೊಳವೆಯ ಒಳಗೇ ಇರುತ್ತದೆ. ಹಾಗಾಗಿ ಹೊರಗಿನ ಪರಾಗ ಸೇರುವುದು ಕಮ್ಮಿ, ಸಾಮಾನ್ಯವಾಗಿ 100ರಲ್ಲಿ 5ಕ್ಕಿಂತ ಕಡಿಮೆ. ಆದರೆ ಕೆಲವು ಹಳೇ ತಳಿಗಳಲ್ಲಿ, ಆಲೂಗಡ್ಡೆ ಎಲೆಯ ಹಲವು ತಳಿಗಳಲ್ಲಿ, ತೀರಾ ಚಿಕ್ಕ ಹಣ್ಣಿನ ಕಾಡು ಜಾತಿಗಳಲ್ಲಿ ಆ ತುದಿ ಹೊರಗೆ ಇಣುಕುತ್ತದೆ. ಹಲವು ಹೂ ಅಂಟಿಕೊಂಡು ಒಂದೇ ದಪ್ಪ ಹೂವಾಗಿದ್ದರೂ ದುಂಬಿಗೆ ದಾರಿ ಸಲೀಸು.

ಹಾಗಾಗಿ ಎಣಿಸಿ. ಟ್ರೇಯಲ್ಲಿ ಒಂದೇ ಒಂದು ಸಸಿ ಬೇರೆಯಾಗಿದ್ದರೆ ಬಿಡಿ ಸಂಕರವೋ, ಬೆರೆತ ಬೀಜವೋ. ಸುಮಾರು ಕಾಲು ಭಾಗ ಬೇರೆಯಾಗಿದ್ದರೆ ತಾಯಿ ಸಂಕರ. ಎಲ್ಲವೂ ಬೇರೆಯಾಗಿದ್ದರೆ ಪೊಟ್ಟಣದ ಹೆಸರೇ ತಪ್ಪು. ಆರು ಸಸಿ ಇಟ್ಟುಕೊಂಡು ಕಾಲು ಭಾಗ ಎಣಿಸಲು ಹೋಗಬೇಡಿ. ಅಷ್ಟು ಕಮ್ಮಿ ಸಸಿಯಲ್ಲಿ ಲೆಕ್ಕ ಸುಲಭವಾಗಿ ತಪ್ಪುತ್ತದೆ.

ಹೈಬ್ರಿಡ್ ಬೀಜದ ಪೊಟ್ಟಣವಾದರೆ ಇನ್ನೊಂದು ಸಾಧ್ಯತೆ ಇದೆ. ಸಂಕರ ಮಾಡುವಾಗ ಕೆಲವು ಹೂಗಳು ತಾಯಿಯ ಪರಾಗದಿಂದಲೇ ಕಾಯಿ ಕಟ್ಟಿಬಿಡುತ್ತವೆ. ಆ ಬೀಜದ ಸಸಿ ಬರೀ ತಾಯಿ ಸಾಲಿನದು. ಉಳಿದವುಗಳ ಹುರುಪು ಅದಕ್ಕಿರುವುದಿಲ್ಲ. ಹೈಬ್ರಿಡ್ ಹಣ್ಣಿನಿಂದ ನೀವೇ ತೆಗೆದ ಬೀಜ ಬಿತ್ತಿದ್ದರಂತೂ ಸಸಿಗಳು ನಾನಾ ಥರ ಆಗುವುದೇ ಸಹಜ. ಅಲ್ಲಿ "ಅನಿರೀಕ್ಷಿತ" ಅನ್ನುವುದೇ ಇಲ್ಲ.

ಬೇರೆ ಗುಣಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸುಕ್ಕು ಎಲೆಯ ಕುಳ್ಳ ಸಸಿ ಕೂಡ ಅಡಗಿ ಕೂರುವ ಗುಣದ್ದೇ, ಲೆಕ್ಕ ಮೇಲಿನಂತೆಯೇ. ಕಾಂಡದಲ್ಲಿ ನೇರಳೆ ಛಾಯೆಯೇ ಇಲ್ಲದ ಅಚ್ಚ ಹಸಿರು ಸಸಿಯೂ ಹಾಗೆ. ಆ ಹಸಿರು ಕಾಂಡದ ಒಂದು ಜೀನ್, ಗಂಡುಭಾಗ ಕೆಲಸ ಮಾಡದ ಒಂದು ಜೀನ್‌ಗೆ ತೀರಾ ಹತ್ತಿರ ಕೂತಿದೆ. ಹೈಬ್ರಿಡ್ ಬೀಜ ಮಾಡುವವರು ಅದನ್ನೇ ಗುರುತಾಗಿ ಬಳಸುತ್ತಾರೆ. ಮೈತುಂಬ ನವಿರು ಕೂದಲಿನ ಸಸಿ ಮಾತ್ರ ಉಲ್ಟಾ. ಅದು ಒಂದೇ ಕಡೆಯಿಂದ ಬಂದರೂ ಕಾಣುವ ಗುಣ. ಜೋತುಬಿದ್ದ ಸಪೂರ ಎಲೆ ಹೃದಯದಾಕಾರದ ಹಣ್ಣಿನ ತಳಿಗಳಲ್ಲಿ ಮಾಮೂಲಿ. ನೀರು ಸಾಲದೆಂದು ಸುರಿಯುತ್ತಾ ಹೋಗಬೇಡಿ. ಮೂರು ಬೀಜದೆಲೆಯ ಸಸಿ ನೋಡಲು ಚೆಂದ, ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಅರ್ಥವೇನಿಲ್ಲ, ಮಾಮೂಲಿಯಾಗೇ ಬೆಳೆಯುತ್ತದೆ. ಪೂರ್ತಿ ಬಿಳಿ ಸಸಿ ಬೀಜದಲ್ಲಿದ್ದ ಆಹಾರ ಮುಗಿದ ಕೂಡಲೇ ಸಾಯುತ್ತದೆ, ಅದಕ್ಕೆ ಕುಂಡ ಕೊಡಬೇಡಿ.

ಐದು ದಾರಿಗಳನ್ನು ತೂಗಿದರೆ

ಕಿತ್ತು ಮತ್ತೆ ಬಿತ್ತುವುದು. ಕಾಯಿಲೆಯ ಗುರುತು ಖಚಿತವಾಗಿದ್ದರೆ ಬೇರೆ ಯೋಚನೆಯೇ ಬೇಡ. ಮಚ್ಚೆ, ದಾರದಂಥ ಎಲೆ, ಕುಗ್ಗಿದ ಹಳದಿ ಚಿಗುರು ಇವೆಲ್ಲ ಕಂಡರೆ ಕಿತ್ತು ಚೀಲದಲ್ಲಿ ಹಾಕಿ ಕಟ್ಟಿ, ಗೊಬ್ಬರದ ಗುಂಡಿಗೆ ಬೇಡ. ಸೋಪಿನಿಂದ ಕೈ ತೊಳೆಯದೆ ಇನ್ನೊಂದು ಸಸಿ ಮುಟ್ಟಬೇಡಿ. ಕಾಯಿಲೆ ಇಲ್ಲದ ಸಸಿಯನ್ನೂ ಕೀಳಲು ಕಾರಣಗಳಿರಬಹುದು. ಒಂದೇ ಥರದ ಗಿಡ, ಒಂದೇ ಹೊತ್ತಿಗೆ ಕೊಯ್ಲು ಬೇಕಿರುವವರಿಗೆ ಬೇರೆ ಥರದ್ದು ಅಡ್ಡಿಯೇ. ಇದರಲ್ಲಿ ಹೋಗುವುದು ಸಮಯ. ಹದವಾಗಿ ಬೆಚ್ಚಗಿದ್ದರೆ ಮೊಳಕೆಗೆ 6ರಿಂದ 10 ದಿನ, ನೆಡುವ ಹದಕ್ಕೆ ಇನ್ನೂ ನಾಲ್ಕೈದು ವಾರ. ಹಂಗಾಮು ಮುಂದೆ ಹೋಗಿದ್ದರೆ ಈ ದಾರಿ ದುಬಾರಿ. ಇನ್ನೊಂದು ಮಾತು: ಅದೇ ಪೊಟ್ಟಣದಿಂದ ಮತ್ತೆ ಬಿತ್ತಿದರೆ ಅದೇ ಬೆರಕೆ ಮತ್ತೆ ಬರಬಹುದು. ಕಾಲು ಭಾಗ ಬೇರೆ ಬರುತ್ತದೆ ಅಂತ ಗೊತ್ತಿದ್ದರೆ, 12 ಸಸಿ ಬೇಕಾದಲ್ಲಿ 16ಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿ.

ದೂರ ಇಟ್ಟು ಕಾಯುವುದು. ಅನುಮಾನ ಇದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸಸಿಯನ್ನು ಒಂದು ಕುಂಡಕ್ಕೆ ಬದಲಿಸಿ, ಉಳಿದವುಗಳಿಂದ ದೂರ ಇಡಿ. ನೀರು ಹಾಕುವಾಗ ಅದನ್ನು ಕೊನೆಗೆ ಮುಟ್ಟಿ. ಎರಡು ವಾರದಲ್ಲಿ ಬರುವ ಹೊಸ ಎಲೆಗಳು ಉತ್ತರ ಹೇಳುತ್ತವೆ. ಹೊಸ ಎಲೆ ಮಾಮೂಲಿಯಾದರೆ ಹಳೆಯದಕ್ಕೆ ಏನೋ ತಾಗಿತ್ತು, ಮರೆತುಬಿಡಿ. ಮೊದಲಿನ ಥರವೇ ಅಂದವಾಗಿ ಬಂದರೆ ಹುಟ್ಟುಗುಣ. ಇನ್ನಷ್ಟು ಹದಗೆಟ್ಟರೆ ಕಾಯಿಲೆ. ಖರ್ಚು ಒಂದು ಕುಂಡ, ಸ್ವಲ್ಪ ಜಾಗ. ಆದರೆ ಬಿಳಿನೊಣ ಹಾರಾಡುವ ಕಡೆ ದೂರ ಇಟ್ಟರೂ ಸಾಲದು, ಅದು ಹಾರಿ ಬರುತ್ತದೆ. ಅಲ್ಲಿ ಬಲೆ ಮುಚ್ಚಿ, ಇಲ್ಲವೇ ಕಿತ್ತುಬಿಡಿ.

ಜೊತೆಗೇ ನೆಟ್ಟು ಹಣ್ಣು ತಿನ್ನುವುದು. ಬೀಜ ಹಿಡಿಯದವರಿಗೆ ಇದು ಸುಲಭದ ದಾರಿ. ಎಲೆಯ ಆಕಾರ ನೋಡಿ ರುಚಿ ಹೇಳಲಾಗುವುದಿಲ್ಲ. ಆಲೂಗಡ್ಡೆ ಎಲೆಯವುಗಳಲ್ಲಿ ಒಳ್ಳೆಯವೂ ಇವೆ, ಸಪ್ಪೆಯವೂ ಇವೆ. ಎಫ್1 ಆಗಿದ್ದರೆ ಗಿಡ ಎಷ್ಟೋ ಸಲ ಅಕ್ಕಪಕ್ಕದವಕ್ಕಿಂತ ಹುರುಪಾಗಿ ಬೆಳೆಯುತ್ತದೆ. ಹಣ್ಣು ಮಾತ್ರ ನೀವು ಬಯಸಿದ್ದಾಗಿರಲಿಕ್ಕಿಲ್ಲ. ಬ್ರಾಂಡಿವೈನ್ ಉದಾಹರಣೆ ನೋಡಿ. ಅದರ ಹಣ್ಣು ಗುಲಾಬಿ, ಏಕೆಂದರೆ ಸಿಪ್ಪೆಗೆ ಬಣ್ಣವಿಲ್ಲ. ಕೆಂಪು ಹಣ್ಣಿನ ಸಿಪ್ಪೆ ಹಳದಿ. ಬಣ್ಣವಿಲ್ಲದ ಸಿಪ್ಪೆಯೂ ಅಡಗಿ ಕೂರುವ ಗುಣವೇ. ಹಾಗಾಗಿ ಆ ಟ್ರೇಯ ಹಲ್ಲಿನ ಎಲೆಯ ಗಿಡದಲ್ಲಿ ಕೆಂಪು ಹಣ್ಣು ಬಂದರೆ ಅದು ಅಪ್ಪಟ ಬ್ರಾಂಡಿವೈನ್ ಅಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು. ಗಿಡ ಜೊತೆಗಿದ್ದರೆ ಉಳಿದವು ಕೆಡುತ್ತವೆಯೇ ಅಂತ ಹಲವರು ಕೇಳುತ್ತಾರೆ. ಪರಾಗ ಯಾರದೇ ಇರಲಿ, ಈ ವರ್ಷದ ಹಣ್ಣಿನ ತಿರುಳು ತಾಯಿ ಗಿಡದ್ದೇ. ಬದಲಾಗುವುದು ಒಳಗಿನ ಬೀಜ.

ಬೀಜ ಹಿಡಿದು ಮುಂದುವರಿಸುವುದು. ಜಾಗವೂ ತಾಳ್ಮೆಯೂ ಇದ್ದವರಿಗೆ ಇದು ಹೇಳಿ ಮಾಡಿಸಿದ್ದು. ಇಲ್ಲದವರು ಮುಟ್ಟದಿರುವುದೇ ಮೇಲು. ಇಲ್ಲೂ ಎರಡು ಥರ. ಸಿಕ್ಕಿರುವ ಸಸಿ ಆಲೂಗಡ್ಡೆ ಎಲೆಯದಾದರೆ ಎಲೆ ಆಗಲೇ ಸ್ಥಿರ, ತನ್ನ ಪರಾಗದಿಂದಲೇ ಕಟ್ಟಿದ ಬೀಜದಲ್ಲಿ ಅದೇ ಎಲೆ ಬರುತ್ತದೆ. ಹಣ್ಣಿನ ಗುಣಗಳು ಮಾತ್ರ ಇನ್ನೂ ಚದುರುತ್ತಿರುತ್ತವೆ. ಹಲ್ಲಿನ ಎಲೆಯ ಎಫ್1 ಆದರೆ ಮುಂದಿನ ಪೀಳಿಗೆಯಲ್ಲಿ ಎಲೆಯೂ 3ಕ್ಕೆ 1ರಂತೆ ಒಡೆಯುತ್ತದೆ. ಅದರಲ್ಲಿ ಒಂದಾದರೂ ಆಲೂಗಡ್ಡೆ ಎಲೆಯದು ಸಿಗಬೇಕೆಂದರೆ 11 ಸಸಿ ಬೆಳೆಸಿ. ಆಗ ಸಿಗುವ ಸಾಧ್ಯತೆ 100ಕ್ಕೆ 95ರಷ್ಟು. ಎಲೆಯ ಜೊತೆಗೆ ಕುಳ್ಳತನವೂ ಬೇಕು, ಹಣ್ಣಿನ ಬಣ್ಣವೂ ಬೇಕು ಅಂದರೆ ಸಸಿಗಳ ಸಂಖ್ಯೆ ಹನುಮಂತನ ಬಾಲವಾಗುತ್ತದೆ.

ಸ್ಥಿರವಾಗಲು ಎಷ್ಟು ಕಾಲ? ಪ್ರತಿ ಪೀಳಿಗೆಗೆ ಬೆರಕೆ ಅರ್ಧವಾಗುತ್ತದೆ. ಎಫ್1ರ ಬೀಜದಿಂದ ಬರುವ ಎರಡನೇ ತಲೆಮಾರು, ಅಂದರೆ ಎಫ್2ರಲ್ಲಿ 100ಕ್ಕೆ 50, ಎಫ್3ರಲ್ಲಿ 25, ಎಫ್4ರಲ್ಲಿ 12.5. ಎಫ್7ಕ್ಕೆ ಬಂದಾಗ 2ಕ್ಕೂ ಕಮ್ಮಿ. ವರ್ಷಕ್ಕೊಂದೇ ಬೆಳೆ ತೆಗೆಯುವವರಿಗೆ ಆರೇಳು ವರ್ಷದ ಕೆಲಸ. ಇದು ಆಗದ ಮಾತೇನಲ್ಲ. ಅಮೆರಿಕದ ಕ್ರೇಗ್ ಲೆಹೂಲಿಯರ್ ಮತ್ತು ಆಸ್ಟ್ರೇಲಿಯಾದ ಪ್ಯಾಟ್ರಿನಾ ನಸ್ಕ್ ಸ್ಮಾಲ್ ಸೇರಿ 2005ರಲ್ಲಿ ಶುರುಮಾಡಿದ ಕುಳ್ಳ ಟೊಮೆಟೊ ಯೋಜನೆಯಲ್ಲಿ ಹಿತ್ತಲಲ್ಲಿ ಬೆಳೆಯುವ ಹವ್ಯಾಸಿಗಳೇ ಎಷ್ಟೋ ಹೊಸ ತಳಿ ಮಾಡಿದ್ದಾರೆ. ಅವರಿಗೆ ಒಂದು ಅನುಕೂಲವಿತ್ತು. ಕುಳ್ಳ ಸಸಿ ಟ್ರೇಯಲ್ಲೇ ಗುರುತು ಸಿಗುತ್ತದೆ. ಎತ್ತರದವನ್ನು ಅಲ್ಲೇ ತೆಗೆದುಬಿಟ್ಟರೆ ನೆಲದಲ್ಲಿ ಬೇಕಾಗುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ನಿಮಗೆ ಸಿಕ್ಕಿದ ಗುಣವೂ ಸಸಿಯಲ್ಲೇ ಕಾಣುವಂಥದ್ದಾದರೆ ಈ ದಾರಿ ಅಷ್ಟರಮಟ್ಟಿಗೆ ಅಗ್ಗ.

ಹೊರಗಿನ ಪರಾಗ ಮತ್ತೆ ಸೇರದಿರಲು ಹೂ ಬಿಚ್ಚುವ ಮುಂಚೆಯೇ ಗೊಂಚಲಿಗೆ ತೆಳು ಬಲೆಯ ಚೀಲ ಕಟ್ಟಿ. ದಿನಕ್ಕೊಮ್ಮೆ ಬೆರಳಲ್ಲಿ ತಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಆ ಗೊಂಚಲಿಗೆ ದಾರ ಕಟ್ಟಿಡಿ. ಒಂದೊಂದು ಗಿಡದ ಬೀಜವನ್ನೂ ಬೇರೆಬೇರೆ ಇಡಿ, ಎಲ್ಲ ಒಟ್ಟುಗೂಡಿಸಿದರೆ ಮುಂದೆ ಯಾವುದು ಎಲ್ಲಿಂದ ಬಂತೆಂದು ತಿಳಿಯದು.

ಚಿಗುರು ನೆಟ್ಟು ಮುಂದುವರಿಸುವುದು. ಈ ದಾರಿ ಹಲವರಿಗೆ ಹೊಳೆಯುವುದೇ ಇಲ್ಲ. ಎಲೆಯ ಸಂದಿನಲ್ಲಿ ಬರುವ ಪಕ್ಕದ ಚಿಗುರನ್ನು ಒಂದು ಗೇಣಿನಷ್ಟು ಉದ್ದಕ್ಕೆ ಮುರಿದು, ಕೆಳಗಿನ ಎಲೆ ತೆಗೆದು, ನೀರಿನಲ್ಲೋ ಒದ್ದೆ ಮಣ್ಣಿನಲ್ಲೋ ಇಟ್ಟರೆ ಒಂದೆರಡು ವಾರದಲ್ಲಿ ಬೇರು ಬರುತ್ತದೆ. ಅದು ತಾಯಿಯ ಅಚ್ಚು ಪ್ರತಿ. ಎಲೆಯೂ ಒಡೆಯುವುದಿಲ್ಲ, ಹಣ್ಣೂ ಚದುರುವುದಿಲ್ಲ. ಒಂದು ಎಫ್1 ಗಿಡದ ಹಣ್ಣು ತುಂಬಾ ಹಿಡಿಸಿತು, ಆರೇಳು ವರ್ಷ ಕಾಯುವ ಉದ್ದೇಶವಿಲ್ಲ ಅನ್ನುವವರಿಗೆ ಇದೇ ಸರಿ. ಟೊಮೆಟೊ ಹಿಮ ಬೀಳದ ಕಡೆ ವರ್ಷಗಟ್ಟಲೆ ಬದುಕುವ ಗಿಡವೇ, ನಾವು ಅದನ್ನು ಒಂದು ಹಂಗಾಮಿಗೆ ಮುಗಿಸುತ್ತೇವೆ ಅಷ್ಟೇ. ಕಷ್ಟವೆಂದರೆ ಗಿಡವನ್ನು ಯಾವಾಗಲೂ ಜೀವಂತ ಇಟ್ಟುಕೊಳ್ಳಬೇಕು. ಪೊಟ್ಟಣದಲ್ಲಿಟ್ಟ ಬೀಜ ವರ್ಷಗಟ್ಟಲೆ ಸುಮ್ಮನೆ ಕೂರುತ್ತದೆ, ಗಿಡ ಕೂರುವುದಿಲ್ಲ. ತಾಯಿಗೆ ವೈರಸ್ ಇದ್ದರೆ ಚಿಗುರಿಗೂ ಅದು ಉಚಿತವಾಗಿ ಬರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕುಂಡ ಇರುವುದೇ ನಾಲ್ಕೈದು, ಬೇಕಿರುವುದು ಗೊತ್ತಿರುವ ಹಣ್ಣು ಅಂದರೆ ಬೇರೆ ಥರದ ಸಸಿಗೆ ಜಾಗ ಕೊಡಬೇಡಿ. ಅಂದ ನೋಡಿ ಕರಗಬೇಡಿ. ಟ್ರೇಯಲ್ಲಿ ಬದಲಿ ಸಸಿ ಇದ್ದರೆ ಅದನ್ನು ನೆಡಿ, ಇದನ್ನು ಜಾಗ ಇರುವ ಯಾರಿಗಾದರೂ ಕೊಡಿ. ಬದಲಿ ಸಸಿ ಇಲ್ಲ, ಹಂಗಾಮೂ ಮುಗಿಯುತ್ತಾ ಬಂದಿದೆ ಅಂದರೆ ಮಾತು ಬೇರೆ. ಆಗ ಆರೋಗ್ಯದ ಸಸಿ ಯಾವುದಾದರೂ ಖಾಲಿ ಕುಂಡಕ್ಕಿಂತ ಮೇಲು.

ಒಂದು ಸಾಲು ಜಾಗ ಜಾಸ್ತಿ ಇದೆ, ಬೀಜ ಹಿಡಿಯುವ ಅಭ್ಯಾಸವಿಲ್ಲ ಅಂದರೆ ನೆಟ್ಟುಬಿಡಿ. ಕಳೆದುಕೊಳ್ಳುವುದು ಏನೂ ಇಲ್ಲ. ಹಣ್ಣು ಹಿಡಿಸಿದರೆ ಚಿಗುರು ನೆಡುವ ದಾರಿ ಆಮೇಲೂ ತೆರೆದೇ ಇರುತ್ತದೆ.

ಮಾರಾಟಕ್ಕೆ ಬೆಳೆಯುವವರು ನೆಡುವ ಮುಂಚೆಯೇ ಹೆಕ್ಕಿ ತೆಗೆಯಲಿ. ಹೈಬ್ರಿಡ್ ಸಾಲಿನಲ್ಲಿ ನುಸುಳಿದ ತಾಯಿ ಸಾಲಿನ ಗಿಡ ಅಷ್ಟೇ ನೀರು, ಅಷ್ಟೇ ಗೊಬ್ಬರ ತಿಂದು ಕಮ್ಮಿ ಕೊಡುತ್ತದೆ. ಬೇರೆ ಥರದವು ನಾಲ್ಕಾರಕ್ಕಿಂತ ಜಾಸ್ತಿ ಕಂಡರೆ ಫೋಟೊ ತೆಗೆದು, ಪೊಟ್ಟಣದ ಮೇಲಿನ ಲಾಟ್ ಸಂಖ್ಯೆಯ ಜೊತೆ ಬೀಜ ಕೊಟ್ಟವರಿಗೆ ಕಳಿಸಿ. ಪೊಟ್ಟಣ ಎಸೆದುಬಿಟ್ಟರೆ ಆ ಮಾತಿಗೆ ಬೆಲೆ ಇರುವುದಿಲ್ಲ.

ಬೀಜ ಉಳಿಸುವವರಿಗೆ ಮಾತ್ರ ಸ್ವಲ್ಪ ಉದ್ದ ಉತ್ತರ. ಆಲೂಗಡ್ಡೆ ಎಲೆಯ ತಳಿಯಲ್ಲಿ ಹಲ್ಲಿನ ಎಲೆ ಬಂದರೆ ಆ ಸಸಿಯನ್ನು ತೆಗೆಯಿರಿ, ಇಲ್ಲವೇ ದೂರ ನೆಡಿ. ಉಳಿದವುಗಳ ಬೀಜವನ್ನು ಹಣ್ಣು ತಾಳೆ ನೋಡಿ ಇಟ್ಟುಕೊಳ್ಳಬಹುದು. ಹಲ್ಲಿನ ಎಲೆಯ ತಳಿಯಲ್ಲಿ ಆಲೂಗಡ್ಡೆ ಎಲೆ ಬಂದರೆ, ಅದೂ ಒಂದಕ್ಕಿಂತ ಜಾಸ್ತಿ ಬಂದರೆ, ಆ ಇಡೀ ಟ್ರೇಯಿಂದ ತಳಿಯ ಹೆಸರಲ್ಲಿ ಬೀಜ ಹಿಡಿಯಬೇಡಿ. ಅದಕ್ಕೂ ಹಿಂದಿನ ಪೀಳಿಗೆಯ ಬೀಜ ನಿಮ್ಮ ಹತ್ತಿರ ಇದ್ದರೆ ಅದನ್ನು ಮತ್ತೆ ಬಿತ್ತಿ. ಟೊಮೆಟೊ ಬೀಜ ಒಣಗಿದ ತಣ್ಣನೆಯ ಜಾಗದಲ್ಲಿ ನಾಲ್ಕೈದು ವರ್ಷ ಚೆನ್ನಾಗಿ ಮೊಳೆಯುತ್ತದೆ. ಒಂದೇ ವರ್ಷದ ಬೀಜವನ್ನು ಪೂರ್ತಿ ಖಾಲಿ ಮಾಡದೆ ಇಡುವುದು ಇಂಥ ಹೊತ್ತಿಗೇ.

ಆ ಬೇರೆ ಸಸಿಯ ಬೀಜವನ್ನು ಬೇರೆಯವರಿಗೆ ಕೊಡುವುದಾದರೆ ಪೊಟ್ಟಣದ ಮೇಲೆ ಮೂರು ವಿಷಯ ಬರೆಯಿರಿ. ಯಾವ ತಳಿಯ ಟ್ರೇಯಲ್ಲಿ ಸಿಕ್ಕಿತು, ಎಲೆ ಹೇಗಿತ್ತು, ಹಣ್ಣು ಹೇಗಿತ್ತು. ತಳಿಯ ಹೆಸರನ್ನಷ್ಟೇ ಬರೆಯಬೇಡಿ. "ಬ್ರಾಂಡಿವೈನ್ ಟ್ರೇಯಲ್ಲಿ ಸಿಕ್ಕ ಹಲ್ಲಿನ ಎಲೆಯದು, ಕೆಂಪು ಹಣ್ಣು, ಮುಂದೆ ಒಡೆಯುತ್ತದೆ" ಎಂದಿದ್ದರೆ ಪಡೆದವರಿಗೆ ಹನ್ನೊಂದು ಸಸಿ ಹಾಕಬೇಕೋ ಎರಡು ಸಾಕೋ ಅಂತ ತಾವೇ ತೀರ್ಮಾನಿಸಲು ಬರುತ್ತದೆ.